ಅಮೆರಿಕದಲ್ಲಿ ಆಸ್ಪತ್ರೆಯ ಬಿಲ್ಲು ಕಟ್ಟಲಾಗದಿದ್ದರೆ

ಕೋವಿಡ್ ಕಾಲದಲ್ಲಿ ಅಮೆರಿಕದಲ್ಲಿ ಕೆಲಸ ಹೋದವರಿಗೆ ವಿಮೆಯೂ ಕೈತಪ್ಪಿತು, ಏಕೆಂದರೆ ಇಲ್ಲಿ ಹೆಚ್ಚಿನವರ ವಿಮೆ ನೌಕರಿಗೆ ಅಂಟಿಕೊಂಡಿರುತ್ತದೆ. ವಿಮೆಯಿಲ್ಲದ ಕೋವಿಡ್ ರೋಗಿಗಳ ಚಿಕಿತ್ಸೆಯ ವೆಚ್ಚವನ್ನು ಆಸ್ಪತ್ರೆಗಳಿಗೆ ಭರಿಸುತ್ತಿದ್ದ ಫೆಡರಲ್ (ಕೇಂದ್ರ) ಸರ್ಕಾರದ ಯೋಜನೆ ಹಣ ಸಾಲದೆ 2022ರ ಮಾರ್ಚ್ 22ಕ್ಕೆ ಹೊಸ ಕ್ಲೇಮ್‌ಗಳನ್ನು ನಿಲ್ಲಿಸಿತು. ಅದಕ್ಕೂ ಮೊದಲೇ ಇದ್ದ, ಈಗಲೂ ಇರುವ ಆಸರೆಯೆಂದರೆ ಆಸ್ಪತ್ರೆಗಳ ಚಾರಿಟಿ ಕೇರ್, ಅಂದರೆ ಕಟ್ಟಲಾಗದವರಿಗೆ ಬಿಲ್ಲಿನಲ್ಲಿ ಕೊಡುವ ಮನ್ನಾ ಅಥವಾ ರಿಯಾಯಿತಿ. ನಮ್ಮವರು ಸಂಕೋಚದಿಂದ ಇದನ್ನು ಕೇಳುವುದೇ ಇಲ್ಲ. ದಯವಿಟ್ಟು ಕೇಳಿ.

ಇಲ್ಲಿನ ಬಹಳಷ್ಟು ಆಸ್ಪತ್ರೆಗಳು ಲಾಭರಹಿತ ಸಂಸ್ಥೆಗಳೆಂದು ತೆರಿಗೆ ವಿನಾಯಿತಿ ಪಡೆಯುತ್ತವೆ. 2010ರ ಆರೋಗ್ಯ ಕಾನೂನಿನ ಪ್ರಕಾರ ಅಂಥ ಪ್ರತಿಯೊಂದು ಆಸ್ಪತ್ರೆಯೂ ಹಣಕಾಸು ನೆರವಿನ ನೀತಿಯನ್ನು ಬರೆದಿಟ್ಟು, ಅದನ್ನು ಜನರಿಗೆ ತಿಳಿಸಲೇಬೇಕು. ಬಿಲ್ಲಿನಲ್ಲೂ ಅದರ ಉಲ್ಲೇಖ ಇರಬೇಕು. ಎಷ್ಟು ಆದಾಯದವರಿಗೆ ಪೂರ್ತಿ ಮನ್ನಾ, ಎಷ್ಟಿದ್ದವರಿಗೆ ರಿಯಾಯಿತಿ ಎಂಬುದನ್ನು ಹೆಚ್ಚಾಗಿ ಆಸ್ಪತ್ರೆಯೇ ನಿರ್ಧರಿಸುತ್ತದೆ. ಹಾಗಾಗಿ ಒಂದು ಕಡೆ ಇಲ್ಲವೆಂದರೆ ಎಲ್ಲ ಕಡೆಯೂ ಇಲ್ಲವೆಂದಲ್ಲ. ಭೇಟಿಗೆ ಬಂದ ಅಪ್ಪ ಅಮ್ಮನ ವಿಷಯದಲ್ಲಿ ಮಾತ್ರ ಎಚ್ಚರ: ಆ ಪ್ರದೇಶದ ನಿವಾಸಿಗಳಿಗಷ್ಟೇ ನೆರವು ಎನ್ನುವ ಆಸ್ಪತ್ರೆಗಳಿವೆ.

ತುರ್ತು ಚಿಕಿತ್ಸೆಗೆ ನೆರವಿನ ಅರ್ಜಿ ಮಂಜೂರಾಗುವ ದಾರಿ ಕಾಯಬೇಕಿಲ್ಲ. 1986ರ ಕಾನೂನಿನಂತೆ, ತುರ್ತು ವಿಭಾಗವಿರುವ ಬಹುತೇಕ ಎಲ್ಲ ಆಸ್ಪತ್ರೆಗಳೂ ಹಣವಿದೆಯೇ, ವೀಸಾ ಯಾವುದು ಎಂದು ನೋಡದೆ ರೋಗಿಯನ್ನು ಪರೀಕ್ಷಿಸಿ, ಅಪಾಯದಿಂದ ಪಾರುಮಾಡಬೇಕು. ಉಸಿರಾಟದ ತೊಂದರೆಯಲ್ಲಿ ಬಿಲ್ಲಿಗೆ ಹೆದರಿ ಮನೆಯಲ್ಲಿ ಕೂರಬೇಡಿ.

ಬಿಲ್ಲು ಬಂದ ಕೂಡಲೇ ಮರ್ಯಾದೆಗೆ ಅಂಜಿ ಕ್ರೆಡಿಟ್ ಕಾರ್ಡ್ ಉಜ್ಜುವುದು ನಾನು ಕಂಡ ಅತಿ ದೊಡ್ಡ ತಪ್ಪು. ಆಗ ಆಸ್ಪತ್ರೆಯ ಬಾಕಿ ಬ್ಯಾಂಕಿನ ಸಾಲವಾಗಿ ಬಡ್ಡಿ ಬೆಳೆಯತೊಡಗುತ್ತದೆ. ಡಿಸ್ಚಾರ್ಜ್ ನಂತರದ ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ನೆರವಿಗೆ ಅರ್ಜಿ ಹಾಕಬಹುದು. ಮೊದಲ 120 ದಿನ ಲಾಭರಹಿತ ಆಸ್ಪತ್ರೆ ನಿಮ್ಮ ಮೇಲೆ ದಾವೆ ಹೂಡುವಂತಿಲ್ಲ, ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಸಂಸ್ಥೆಗಳಿಗೆ ಬಾಕಿಯನ್ನು ವರದಿ ಮಾಡುವಂತಿಲ್ಲ. ನೆರವು ಮಂಜೂರಾದರೆ, ಹೆಚ್ಚು ಕಟ್ಟಿದ ಹಣವನ್ನೂ ಹಿಂದಿರುಗಿಸಬೇಕು.

ಬಿಲ್ಲಿಂಗ್ ವಿಭಾಗಕ್ಕೆ ಕರೆ ಮಾಡಿ ಫೈನಾನ್ಷಿಯಲ್ ಅಸಿಸ್ಟೆನ್ಸ್ ಅರ್ಜಿ ಬೇಕೆಂದು ಹೇಳಿ. ಕಂತಿನಲ್ಲಿ ಕಟ್ಟಿ ಎಂದು ಅವರು ಮಾತು ತಿರುಗಿಸಿದರೆ ಒಪ್ಪಿಕೊಳ್ಳದೆ ಮತ್ತೆ ಅದನ್ನೇ ಕೇಳಿ. ಸಾಮಾನ್ಯವಾಗಿ ಸಂಬಳದ ಚೀಟಿ, ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಕೆಲಸ ಹೋಗಿದ್ದರೆ ಕೆಲಸದಿಂದ ತೆಗೆದ ಪತ್ರವನ್ನೂ ಲಗತ್ತಿಸಿ, ಏಕೆಂದರೆ ಹಿಂದಿನ ವರ್ಷದ ರಿಟರ್ನ್ ಇಂದಿನ ಕಷ್ಟವನ್ನು ತೋರಿಸುವುದಿಲ್ಲ. ಕಳಿಸಿದ ಎಲ್ಲದರ ಪ್ರತಿ ಇಟ್ಟುಕೊಳ್ಳಿ.

ಇನ್ನೊಂದು ತೊಡಕಿದೆ. ಅರಿವಳಿಕೆ ತಜ್ಞರು, ಎಕ್ಸ್‌ರೇ ನೋಡುವ ವೈದ್ಯರು ಪ್ರತ್ಯೇಕ ಬಿಲ್ಲು ಕಳಿಸಬಹುದು, ಅವರಿಗೆ ಆಸ್ಪತ್ರೆಯ ನೀತಿ ಅನ್ವಯಿಸದೆಯೂ ಇರಬಹುದು. ಯಾರು ಒಳಗೆ, ಯಾರು ಹೊರಗೆ ಎಂಬ ಪಟ್ಟಿಯನ್ನು ಆಸ್ಪತ್ರೆ ಕೊಡಬೇಕು. ಹೊರಗಿರುವವರಿಗೆ ಬೇರೆಯಾಗಿ ಬರೆದು ರಿಯಾಯಿತಿ ಕೇಳಿ.

ಚಾರಿಟಿ ಕೇರ್ ಪಡೆದರೆ ಗ್ರೀನ್ ಕಾರ್ಡಿಗೆ ಕುತ್ತು ಬಂದೀತೆಂಬ ಭಯ ಅನೇಕರಿಗಿದೆ. ಇದು ಆಸ್ಪತ್ರೆ ತಾನೇ ಬಿಡುವ ರಿಯಾಯಿತಿ, ಸರ್ಕಾರದ ಧನಸಹಾಯವಲ್ಲ. ಮೆಡಿಕೇಡ್‌ನಂಥ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ಸರ್ಕಾರಿ ನೆರವಿಗೆ ಹೋಗುವುದಾದರೆ ಮಾತ್ರ ಮೊದಲು ವಲಸೆ ವಕೀಲರನ್ನು ಕೇಳಿ.