ಹೆಂಟೆ ಗಟ್ಟಿಯಾಗಿ ನಿಲ್ಲಲು ಕಾಂಪೋಸ್ಟ್: ನನ್ನ ಅನುಭವ

ಕಾಂಪೋಸ್ಟ್‌ನಿಂದ ಹೊಲಕ್ಕೆ ಏನು ಲಾಭ ಅಂತ ಯಾರಾದರೂ ಕೇಳಿದರೆ ಎರಡು ಒಣ ಹೆಂಟೆ ತಂದು ತೋರಿಸುತ್ತೇನೆ. ಒಂದು ಪ್ರತಿ ವರ್ಷ ಕಾಂಪೋಸ್ಟ್ ಹಾಕುವ ಕಡೆಯದು, ಇನ್ನೊಂದು ಏನೂ ಹಾಕದ ಬದುವಿನ ಪಕ್ಕದ್ದು. ಎರಡನ್ನೂ ನೀರಿರುವ ಲೋಟಗಳಿಗೆ ಮೆಲ್ಲಗೆ ಬಿಡುತ್ತೇನೆ. ಏನೂ ಹಾಕದ್ದು ನೋಡುತ್ತಿದ್ದಂತೆ ಕರಗಿ ನೀರು ರಾಡಿಯಾಗುತ್ತದೆ. ಕಾಂಪೋಸ್ಟ್ ಕಂಡ ಹೆಂಟೆ ತುಂಬಾ ಹೊತ್ತು ಗಟ್ಟಿಯಾಗಿ ನಿಲ್ಲುತ್ತದೆ.

ಕಾರಣ ಇಷ್ಟೇ. ಕಾಂಪೋಸ್ಟ್ ತಿಂದು ಬದುಕುವ ಸೂಕ್ಷ್ಮಜೀವಿಗಳು ಅಂಟು ಬಿಡುತ್ತವೆ, ಶಿಲೀಂಧ್ರದ ಎಳೆಗಳು ಮಣ್ಣಿನ ಕಣಗಳನ್ನು ಹಿಡಿದಿಡುತ್ತವೆ. ಹಾಗಾಗಿ ಜೋರು ಮಳೆ ಬಿದ್ದರೂ ಮೇಲ್ಮಣ್ಣು ಗಟ್ಟಿ ಪದರವಾಗಿ ಹೆಪ್ಪುಗಟ್ಟುವುದಿಲ್ಲ. ನೀರು ಹರಿದು ಹೋಗದೆ ಒಳಗೆ ಇಳಿಯುತ್ತದೆ, ಜೊತೆಗೆ ಬೇರಿಗೆ ಗಾಳಿಯೂ ಸಿಗುತ್ತದೆ. ನನ್ನ ಪ್ರಕಾರ ಉಳಿದೆಲ್ಲ ಲಾಭಗಳು ಇದರ ಹಿಂದೆ ಬರುತ್ತವೆ.

ರಾಶಿಯನ್ನು ಉದ್ದ, ಅಗಲ, ಎತ್ತರ ಮೂರೂ ಕಡೆ ಕನಿಷ್ಠ ಒಂದು ಮೀಟರ್ ಇರುವಂತೆ ಕಟ್ಟುತ್ತೇನೆ. ಅದಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದು ಕಷ್ಟ. ತರಗೆಲೆ, ಒಣಹುಲ್ಲು ಸುಮಾರು ಎರಡು ಪಾಲು, ಹಸಿಸೊಪ್ಪು, ಸಗಣಿ ಒಂದು ಪಾಲು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು ಅಂತಾರಲ್ಲ, ಈ ಅಂದಾಜಿನಲ್ಲಿ ಹೆಚ್ಚುಕಡಿಮೆ ಅಲ್ಲಿಗೆ ಮುಟ್ಟುತ್ತದೆ. ತೇವ ನೋಡಲು ಒಂದು ಹಿಡಿ ತೆಗೆದು ಹಿಂಡುತ್ತೇನೆ. ಒಂದೆರಡು ಹನಿ ಬಂದರೆ ಸರಿ, ಧಾರೆ ಬಂದರೆ ಜಾಸ್ತಿಯಾಯಿತು.

ನಾನು ಹೆಚ್ಚು ಗಮನ ಕೊಡುವುದು ಕಾವಿಗೆ. ರಾಶಿಯೊಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಕಾವು ಕೆಲವು ದಿನ ನಿಂತರೆ ಕಳೆ ಬೀಜಗಳೂ ರೋಗಾಣುಗಳೂ ಬಹುಪಾಲು ಸಾಯುತ್ತವೆ. ಆದರೆ ಅಂಚಿಗೆ ಆ ಕಾವು ತಲುಪುವುದಿಲ್ಲ. ಅದಕ್ಕೇ ಮಗುಚುವಾಗ ಸುಮ್ನೆ ಕಲಸದೆ ಹೊರಗಿನದನ್ನು ಒಳಕ್ಕೆ ಹಾಕುತ್ತೇನೆ. 70 ದಾಟಿದರೆ ಬೇಕಾದ ಜೀವಿಗಳೂ ಸಾಯುತ್ತವೆ, ಆಗ ತಡಮಾಡದೆ ಮಗುಚಬೇಕು. ಕೊಳೆತ ವಾಸನೆ ಬಂತೆಂದರೆ ಗಾಳಿ ಸಾಲುತ್ತಿಲ್ಲ, ಒಣಹುಲ್ಲು ಸೇರಿಸುತ್ತೇನೆ.

ಮಗುಚಿದ ಮೇಲೂ ರಾಶಿ ಮತ್ತೆ ಬಿಸಿಯಾಗದಿದ್ದರೆ ಗೊಬ್ಬರ ಹದಕ್ಕೆ ಬರುತ್ತಿದೆ ಅಂತ ಅರ್ಥ. ಆಮೇಲೂ ಕೆಲವು ವಾರ ಹಾಗೇ ಬಿಡುತ್ತೇನೆ. ಅರ್ಧ ಕೊಳೆತದ್ದನ್ನು ಹಾಕಿದರೆ ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಬೆಳೆ ಹಳದಿಯಾಗುತ್ತದೆ.

ಒಂದು ಮಾತು ನೇರವಾಗಿ ಹೇಳಬೇಕು. ಯೂರಿಯಾದಲ್ಲಿ ಶೇ. 46 ಸಾರಜನಕ ಇದ್ದರೆ ಕಾಂಪೋಸ್ಟ್‌ನಲ್ಲಿ ಸಾಮಾನ್ಯವಾಗಿ ಶೇ. 1ರಿಂದ 2. ಅದರಲ್ಲೂ ಮೊದಲ ವರ್ಷ ಬೆಳೆಗೆ ಸಿಗುವುದು ಸ್ವಲ್ಪವೇ. ಉಳಿದದ್ದು ಮಣ್ಣಲ್ಲಿದ್ದು ನಿಧಾನವಾಗಿ ಬಿಡುಗಡೆಯಾಗುತ್ತದೆ. ಹಾಗಾಗಿ ರಸಗೊಬ್ಬರವನ್ನು ಒಂದೇ ಸಲ ನಿಲ್ಲಿಸಲಿಲ್ಲ, ಮಣ್ಣು ಪರೀಕ್ಷೆ ನೋಡಿಕೊಂಡು ಕಡಿಮೆ ಮಾಡುತ್ತಾ ಬಂದೆ. ಕಾಂಪೋಸ್ಟನ್ನೂ ಲೆಕ್ಕವಿಲ್ಲದೆ ಸುರಿಯಬಾರದು, ರಂಜಕ ಕೂಡುತ್ತಾ ಹೋಗುತ್ತದೆ.

ಹುಲ್ಲನ್ನು ಹೊರಗಿನಿಂದ ತರುವಾಗ ಯಾವ ಕಳೆನಾಶಕ ಹೊಡೆದಿದ್ದರು ಅಂತ ಕೇಳಿಯೇ ತರುತ್ತೇನೆ. ಕೆಲವು ಕಳೆನಾಶಕಗಳು ರಾಶಿಯ ಕಾವಿನಲ್ಲೂ ಪೂರ್ತಿ ನಾಶವಾಗುವುದಿಲ್ಲ. ಅವು ಉಳಿದರೆ ಟೊಮೆಟೊ, ಹುರುಳಿಕಾಯಿಯಂಥ ಗಿಡಗಳ ಎಲೆ ಸುರುಟಿಕೊಳ್ಳುತ್ತದೆ. ಅನುಮಾನ ಇದ್ದರೆ ಒಂದು ಕುಂಡದಲ್ಲಿ ಆ ಕಾಂಪೋಸ್ಟ್ ಬೆರೆಸಿ ಹುರುಳಿಕಾಯಿ ಬೀಜ ಹಾಕಿ ನೋಡಿ, ಎಲೆ ನೆಟ್ಟಗೆ ಬಂದರೆ ಹೊಲಕ್ಕೆ ಹಾಕಬಹುದು.