ಹಳೇ ಗ್ರೀಕ್‌ಗೆ ಕೀಬೋರ್ಡ್ ಮಾಡುವುದು ಹೇಗೆ?

ಇಂದಿನ ಗ್ರೀಕ್ ಟೈಪ್ ಮಾಡುವವರಿಗೆ ಈ ತಲೆನೋವಿಲ್ಲ. 1982ರಲ್ಲಿ ಗ್ರೀಸ್ ಅಕ್ಷರಗಳಿಗೆ ಹಾಕುತ್ತಿದ್ದ ಹಳೇ ಗುರುತುಗಳನ್ನು ಕೈಬಿಟ್ಟು ಒಂದೇ ಒತ್ತುಗುರುತು, ಅಪರೂಪಕ್ಕೆ ಎರಡು ಚುಕ್ಕೆ, ಇಷ್ಟನ್ನೇ ಇಟ್ಟುಕೊಂಡಿತು. ಪೇಚಾಟವೆಲ್ಲ ಹೋಮರ್, ಪ್ಲೇಟೋ ಟೈಪ್ ಮಾಡುವವರದು. ಅಲ್ಲಿ ಒಂದೇ ಆಲ್ಫಾಗೆ ಉಸಿರಿನ ಗುರುತು, ಒತ್ತಿನ ಗುರುತು, ಕೆಳಗೊಂದು ಪುಟ್ಟ ಅಯೋಟಾ, ಮೂರೂ ಬರಬಹುದು.

ಮೊದಲು ಕೀಬೋರ್ಡ್ ತಯಾರಿಸುವ ಸಾಫ್ಟ್‌ವೇರ್ ಕೀಮ್ಯಾನ್ ಡೆವಲಪರ್ ಹಾಕಿಕೊಳ್ಳಿ, ಉಚಿತ. ಬರೀ ಅಕ್ಷರಗಳನ್ನು ಕೂರಿಸುವುದು ಸುಲಭ. ಇಂಗ್ಲಿಷ್ ಅಕ್ಷರಕ್ಕೆ ಗ್ರೀಕ್ ವೇಷ ಹಾಕುವ ಹಳೇ ಫಾಂಟ್‌ಗಳ ತಂಟೆಗೆ ಹೋಗಬೇಡಿ. ಯೂನಿಕೋಡ್ ಅಲ್ಲದ ಕನ್ನಡ ಫೈಲು ಬೇರೆ ಕಂಪ್ಯೂಟರ್‌ನಲ್ಲಿ ಏನಾಗುತ್ತದೆ ಗೊತ್ತಲ್ವಾ, ಅದೇ ಗತಿ.

ಗುರುತುಗಳಿಗೆ ಹೊಸ ಕೀ ಹುಡುಕುವುದೂ ಬೇಡ. ಹಳೇ ಗ್ರೀಕನ್ನು ಸಾಮಾನ್ಯ ಕೀಬೋರ್ಡಿನ ಚಿಹ್ನೆಗಳಲ್ಲೇ ಬರೆಯಲು ಅಮೆರಿಕದ ವಿದ್ವಾಂಸ ಡೇವಿಡ್ ಪ್ಯಾಕರ್ಡ್ 1970ರ ದಶಕದಲ್ಲಿ ರೂಪಿಸಿದ ಬೀಟಾ ಕೋಡ್ ಇದೆ: ‘ಹ’ಕಾರದ ಉಸಿರಿಗೆ ( , ಮೆದು ಉಸಿರಿಗೆ ) , ಏರುಗುರುತಿಗೆ / , ಇಳಿಗುರುತಿಗೆ \ , ಬಾಗುಗುರುತಿಗೆ = , ಅಯೋಟಾಗೆ | .

ಎಲ್ಲರೂ ಎಡವುವುದು ಇನ್ನು ಮುಂದೆ. ಗುರುತು ಮೊದಲೋ, ಅಕ್ಷರ ಮೊದಲೋ? ಡೆಡ್ ಕೀ ಪದ್ಧತಿಯಲ್ಲಿ ಗುರುತು ಮೊದಲು. ಆದರೆ ಒತ್ತಿದಾಗ ಎಷ್ಟೋ ಕಡೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಬಿತ್ತೋ ಇಲ್ಲವೋ ಅಂತ ಜನ ಮತ್ತೆ ಒತ್ತುತ್ತಾರೆ. ಅಕ್ಷರ ಮೊದಲೇ ಇರಲಿ. ‘ಕ’ ಒತ್ತಿ ಆಮೇಲೆ ಗುಣಿತ ಸೇರಿಸಿ ರೂಢಿಯಾದ ಕೈಗೆ ಅದೇ ಸಲೀಸು.

ಆಮೇಲೆ ಗುರುತುಗಳ ಕ್ರಮ. ಆಲ್ಫಾ ಆದ ಮೇಲೆ ಒಬ್ಬರು ( ಒತ್ತುತ್ತಾರೆ, ಇನ್ನೊಬ್ಬರು / ಒತ್ತುತ್ತಾರೆ. ಮೂರು ಗುರುತಿಗೆ 6 ಕ್ರಮ, ಆರಕ್ಕೂ ಅದೇ ಅಕ್ಷರ ಬರಬೇಕು. ಇದಕ್ಕೆ ಉದ್ದುದ್ದ ನಿಯಮ ಬೇಡ. ಒಂದು ಗುರುತಿನ ಆಲ್ಫಾ, ಎರಡು ಗುರುತಿನ ಆಲ್ಫಾ, ಎಲ್ಲಕ್ಕೂ ಯೂನಿಕೋಡ್‌ನಲ್ಲಿ ಪ್ರತ್ಯೇಕ ಜಾಗವಿದೆ. ಪರದೆಯಲ್ಲಿರುವ ಅಕ್ಷರಕ್ಕೆ ಈ ಗುರುತು ಬಿದ್ದರೆ ಮುಂದಿನ ಅಕ್ಷರ ಯಾವುದು, ಅಷ್ಟನ್ನೇ ಒಂದೊಂದು ಸಾಲಿನಲ್ಲಿ ಬರೆಯುತ್ತಾ ಹೋಗಿ. ಏರಿನ ಮೇಲೆ ಇಳಿ ಬಿದ್ದರೆ ಹಳೆಯದು ಹೋಗಿ ಹೊಸದು ಕೂರಬೇಕು. ಪದದ ಕೊನೆಯ ಏರುಗುರುತು, ಮುಂದೆ ಇನ್ನೊಂದು ಪದ ಬಂದರೆ ಸಾಮಾನ್ಯವಾಗಿ ಇಳಿಯಾಗುತ್ತದೆ. ಆಗ ಅಕ್ಷರ ಅಳಿಸುವ ಕೆಲಸ ಕೊಡಬೇಡಿ, \ ಒತ್ತಿದರೆ ಸಾಕಾಗಬೇಕು.

ಏರುಗುರುತಿನ ಸಣ್ಣ ಆಲ್ಫಾಗೆ ಯೂನಿಕೋಡ್‌ನಲ್ಲಿ ಎರಡು ಸಂಖ್ಯೆ ಇವೆ, 940 ಮತ್ತು 8049. ಕಣ್ಣಿಗೆ ಎರಡೂ ಒಂದೇ. 940ನ್ನೇ ಕೊಡಿ. ಬೆರಕೆ ಮಾಡಿದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಕಣ್ಣೆದುರಿನ ಪದವೇ ಹುಡುಕಿದರೆ ಸಿಗುವುದಿಲ್ಲ.

ಸಿಗ್ಮಾ, ಅಂದರೆ ಗ್ರೀಕ್ ‘ಸ’, ಪದದ ಕೊನೆಯಲ್ಲಿ ಬಂದರೆ ಬಾಲವಿರುವ ಬೇರೆ ರೂಪ ತಾಳುತ್ತದೆ. ಅದಕ್ಕೆ ಬೇರೆ ಕೀ. ಗ್ರೀಕರ ಕೀಬೋರ್ಡ್‌ನಲ್ಲೂ ಅದು ಡಬ್ಲ್ಯೂ ಜಾಗದಲ್ಲಿದೆ. ತಾನಾಗೇ ಬದಲಾಗುವ ಜಾಣತನ ಬೇಡ. ಹಾಗೆ ಮಾಡಿದರೆ ‘ಪುಟ’ ಎನ್ನುವುದಕ್ಕೆ ಚುಟುಕಾಗಿ ಪುಟಸಂಖ್ಯೆಯ ಮುಂದೆ ಬರೆಯುವ ಒಂಟಿ ಸಿಗ್ಮಾಗೂ ಚುಕ್ಕೆ ಬಿದ್ದ ಕೂಡಲೇ ಬಾಲ ಮೂಡುತ್ತದೆ.

ಪರೀಕ್ಷೆಗೆ ‘ಹೇಡೀಸ್’ ಪದವೇ ಸರಿ, ಮೊದಲ ಆಲ್ಫಾಗೆ ಮೂರೂ ಗುರುತು ಬೇಕು. ಆರೂ ಕ್ರಮದಲ್ಲಿ ಟೈಪ್ ಮಾಡಿ. ಒಂದನ್ನು ಕಾಪಿ ಮಾಡಿ ಹುಡುಕಿದರೆ ಆರೂ ಸಿಗಬೇಕು.