ಕುಂಸಿಯ ಕಲ್ಲಿನಲ್ಲಿ ಗುಮ್ಮಟಗಳು ಎದ್ದ ಬಗೆ: ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಕುಂಸಿ ಸುತ್ತಿನ ಡೋಲೊಮೈಟ್‌ನಲ್ಲಿ (ಸುಣ್ಣಕಲ್ಲಿನ ಜಾತಿಯ ಕಲ್ಲು) ಇರುವ ಸ್ಟ್ರೊಮ್ಯಾಟೊಲೈಟ್‌ಗಳನ್ನು, ಅಂದರೆ ಪುರಾತನ ಸೂಕ್ಷ್ಮಜೀವಿಗಳು ಗುಮ್ಮಟದಂತೆ ಕಟ್ಟಿದ ಪದರಗಳನ್ನು, ಮನೆಯಲ್ಲೇ ಬೆರಳಿಗೆ ಸಿಗುವಂತೆ ಎಬ್ಬಿಸಬಹುದೆಂದು ನಾನು ಬಹಳ ದಿನಗಳಿಂದ ಹೇಳುತ್ತಿದ್ದೆ. ತಮಿಳುನಾಡಿನ ಅರಿಯಲೂರಿನ ಅಮ್ಮೋನೈಟ್‌ಗಳಿಂದ (ಸುರುಳಿ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆ) ಕಪಾಟು ತುಂಬಿಸಿಕೊಂಡ ಗೆಳೆಯರಿಗೆ ನಮ್ಮ ಬೂದುಗಲ್ಲು ಹಿಡಿಸಲಿಲ್ಲ. ‘ಪಳೆಯುಳಿಕೆ ಬೇಕಾದರೆ ಗಂಡಕಿಯ ಶಾಲಗ್ರಾಮ ತನ್ನಿ ಮಾರಾಯರೇ, ಇದು ಒತ್ತಡಕ್ಕೆ ಸುಕ್ಕುಗಟ್ಟಿದ ಕಲ್ಲು’ ಎಂದರು. ಈ ಬೇಸಿಗೆಯ ಚಪ್ಪಡಿ ನೋಡಿದ ಮೇಲೆ ಅವರೇ ಒಂದು ತುಂಡು ಕೇಳುತ್ತಿದ್ದಾರೆ.

ಕಲ್ಲು ಹಳೆಯ ಕ್ವಾರಿಯ ರಾಶಿಯದು, ಮಾಲೀಕರನ್ನು ಕೇಳಿಯೇ ತಂದದ್ದು. 250 ಕೋಟಿ ವರ್ಷಕ್ಕೂ ಹಳೆಯದಾದ ನೆಲಬಂಡೆಗೆ ನಾನು ಉಳಿ ಇಡುವುದಿಲ್ಲ, ಯಾರೂ ಇಡಬಾರದು. ಜಾಗ ಯಾವುದೆಂದು ಕೇಳಬೇಡಿ.

ಮೊದಲ ಖರ್ಚು ಪಾಲಿಶ್‌ಗೆ ಹೋಯಿತು. ಗ್ರಾನೈಟ್ ಅಂಗಡಿಯಲ್ಲಿ ಒಂದು ಕೊಯ್ತಕ್ಕೆ ನೂರೈವತ್ತರ ಆಸುಪಾಸು, ಕನ್ನಡಿಯಂತೆ ಹೊಳೆಯಿಸಲು ಇನ್ನೂ ಮುನ್ನೂರು. ಎಲ್ಲರೂ ಹೇಳುವುದು ಅದನ್ನೇ, ಹೊಳಪು ಬಂದರೆ ಗೆರೆ ಕಾಣುತ್ತದೆ ಎಂದು. ಕಾಣುವುದಿಲ್ಲ. ಕಲ್ಲು ಬೂದು ಡೋಲೊಮೈಟ್, ಅದರೊಳಗಿನ ಗೆರೆ ಬೂದು ಚರ್ಟ್ (ಬೆಣಚಿನ ಜಾತಿಯ ಗಟ್ಟಿ ಕಲ್ಲು). ಎರಡೂ ಒಂದೇ ಸಮ ಹೊಳೆದರೆ ಗೆರೆ ಹೊಳಪಿನಲ್ಲೇ ಮುಳುಗುತ್ತದೆ. ಮೂರು ಸಾವಿರದಷ್ಟು ಹೀಗೆ ಹೋಯಿತು. ಕೈಗ್ರೈಂಡರ್‌ನಿಂದ ಕೊಯ್ಯಲು ಹೋಗಿ ಎರಡು ಡೈಮಂಡ್ ಬ್ಲೇಡ್ ಸವೆದವು. ಒಳ್ಳೆಯ ಗುಮ್ಮಟವಿದ್ದ ಕಲ್ಲೊಂದು ನಡುಬಿರುಕಿನಲ್ಲಿ ಇಬ್ಭಾಗವಾಯಿತು. ಆ ಸಂಕಟ ಈಗಲೂ ಇದೆ. ಅಂದಿನಿಂದ ಬಿರುಕಿನ ಕಲ್ಲನ್ನು ಬಿಸಿಲಿಗಿಟ್ಟು, ಕಾದ ಮೇಲೆ ಅರಾಲ್ಡೈಟ್ ಅಂಟು ಊಡಿಸಿ, ಒಣಗಿದ ನಂತರವೇ ಬ್ಲೇಡ್ ಮುಟ್ಟಿಸುತ್ತೇನೆ.

ದಾರಿ ಸಿಕ್ಕಿದ್ದು ಹೊಳಪನ್ನು ಬಿಟ್ಟಾಗ. ಪದರಕ್ಕೆ ಅಡ್ಡವಾಗಿ, ಗುಮ್ಮಟದ ನೆತ್ತಿಯ ಮೂಲಕ ಕೊಯ್ಯಿಸುತ್ತೇನೆ. ಗಾಜಿನ ಹಲಗೆಯ ಮೇಲೆ ನೀರು ಹಾಕಿಕೊಂಡು ಉಜ್ಜಿ, 400ರ ಎಮರಿ ಕಾಗದಕ್ಕೆ ನಿಲ್ಲಿಸುತ್ತೇನೆ. ಆಮೇಲೆ ಆ್ಯಸಿಡ್. ವಿನೆಗರ್ ತಣ್ಣಗಿನ ಡೋಲೊಮೈಟ್‌ಗೆ ವಾರವಾದರೂ ಸರಿಯಾಗಿ ಹತ್ತಲಿಲ್ಲ. ಬಚ್ಚಲು ತೊಳೆಯುವ ಆ್ಯಸಿಡನ್ನು ನೀರು ಬೆರೆಸದೆ ಹಾಕಿದರೆ ನೊರೆಯೆದ್ದು ಅಂಚುಗಳೆಲ್ಲ ಗುಳಿಬೀಳುತ್ತವೆ. ಅದನ್ನೇ ಬಹಳ ತೆಳುವಾಗಿ, ಉಗುರುಬೆಚ್ಚಗಿನ ನೀರಿಗೆ (ನೀರಿಗೆ ಆ್ಯಸಿಡ್, ತಿರುಗಾಮುರುಗಾ ಅಲ್ಲ) ಹಾಕಿ, ಕಲ್ಲನ್ನು ಮುಖ ಕೆಳಗಾಗಿ ತೂಗುಬಿಟ್ಟು, ಆಗಾಗ ಎತ್ತಿ ಮೆತ್ತನೆ ಬ್ರಷ್‌ನಿಂದ ತೊಳೆಯಬೇಕು. ಮುಖ ಕೆಳಗಿದ್ದರೆ ಕರಗಿದ ಕೆಸರು ಅಲ್ಲೇ ಕೂರದೆ ಉದುರುತ್ತದೆ. ಡೋಲೊಮೈಟ್ ಕರಗಿ ತಗ್ಗಿ, ಆ್ಯಸಿಡ್‌ಗೆ ಕರಗದ ಚರ್ಟ್‌ನ ಗೆರೆ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ಅಳತೆಯನ್ನೂ, ನಡುವೆ ಒಮ್ಮೆ ಕಲ್ಲಿಗೆ ಏನು ಸವರುತ್ತೇನೆ ಎಂಬುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬೇರೆ ಹುಳಿಗಳನ್ನೂ ನೋಡಿದೆ. ತುಕ್ಕಿನ ಕಲೆ ತೆಗೆಯಲು ಆಕ್ಸಾಲಿಕ್ ಆ್ಯಸಿಡ್ ಹಾಕಿದರೆ ಬಿಳಿ ಹೊಪ್ಪಳೆ ಕಟ್ಟುತ್ತದೆ, ಉಜ್ಜಿದರೂ ಬಿಡುವುದಿಲ್ಲ. ಮುರುಗಲು ಹುಳಿಯ ರಸದಲ್ಲಿ ಹಾಕಿಟ್ಟ ತುಂಡಿಗೆ ಬಣ್ಣ ಬಂತು, ಗೆರೆ ಬರಲಿಲ್ಲ. ಆದರೂ ಕಂದುಗೆಂಪಿನ ಆ ಕಲ್ಲು ಚೆನ್ನಾಗಿದೆ, ಮೇಜಿನ ಮೇಲಿದೆ.

ಸುಕ್ಕುಗಲ್ಲು ಎಂದವರಿಗೆ ನಾನು ತೋರಿಸಿದ್ದು ಚಪ್ಪಡಿಯ ತಳ. ಅಲ್ಲಿ ಪದರಗಳು ಮಟ್ಟಸವಾಗಿವೆ, ಗುಮ್ಮಟ ಅದರ ಮೇಲಿನಿಂದ ಶುರುವಾಗುತ್ತದೆ. ಒತ್ತಡಕ್ಕೆ ಮಡಿಕೆಬಿದ್ದಿದ್ದರೆ ತಳವೂ ಜೊತೆಗೇ ಬಾಗಬೇಕಿತ್ತು. ಎರಡು ಗುಮ್ಮಟಗಳ ನಡುವಿನ ಸಂದಿಯಲ್ಲಿ ಒಡೆದ ಪದರದ ಚೂರುಗಳು ಅಡ್ಡಾದಿಡ್ಡಿ ಬಿದ್ದಿವೆ, ಅಲೆ ತಂದು ಹಾಕಿದಂತೆ. ಬೆರಳಾಡಿಸಿದರೆ ಒಂದೊಂದೂ ಸಿಗುತ್ತದೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆ ಹಾಸು ಪದರದ ಮೇಲೆ ಪದರ ಕಟ್ಟಿದ್ದನ್ನು ನಮ್ಮ ತಾಲ್ಲೂಕಿನ ಕಲ್ಲಿನಲ್ಲಿ ಮುಟ್ಟಿ ನೋಡಿದ್ದೇನೆ. ಅಮ್ಮೋನೈಟ್ ಇದರ ಮುಂದೆ ನಿನ್ನೆ ಮೊನ್ನೆಯದು.

ಒಟ್ಟು ಎಂಟೊಂಬತ್ತು ಸಾವಿರ ಖರ್ಚಾಗಿರಬಹುದು. ಈಗ ಒಂದು ಚಪ್ಪಡಿಗೆ ಇನ್ನೂರೈವತ್ತು ಸಾಕು. ಮಾಡುವವರು ರಬ್ಬರ್ ಕೈಗವಸು ಹಾಕಿಕೊಳ್ಳಿ, ಅಂಗಳದಲ್ಲೇ ಮಾಡಿ. ಒಣ ಕೊಯ್ತದ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ನೀರು ಬಿಡದೆ ಬ್ಲೇಡ್ ಓಡಿಸಬೇಡಿ. ಮಳೆ ಹಿಡಿದ ಮೇಲೆ ಕಲ್ಲಿಗೆ ಪಾಚಿ ಹತ್ತಿ ಏನೂ ಕಾಣುವುದಿಲ್ಲ. ರಾಶಿ ಹುಡುಕಲು ಫೆಬ್ರುವರಿಯಿಂದ ಮೇ ತನಕವೇ ಸರಿಯಾದ ಕಾಲ.